ತಿರುಪಿಲ್ಲದ ನಲ್ಲಿ

ರೋಮ್‌ಗೆ ಹೋದ ಮೊದಲ ದಿನವೇ ಅಮ್ಮ ಒಂದು ನಲ್ಲಿ ನಿಲ್ಲಿಸಲು ಹೋಗಿ ಸೋತಳು.

ಓಣಿಯ ತಿರುವಿನಲ್ಲಿ ಎದೆಮಟ್ಟದ ಕಬ್ಬಿಣದ ಕಂಬ, ಅದಕ್ಕೊಂದು ಬಾಗಿದ ಕೊಳವೆ, ಅದರಿಂದ ಬಳಬಳನೆ ಸುರಿಯುವ ನೀರು. ಕೆಳಗೆ ಬಿಂದಿಗೆ ಇಲ್ಲ, ಬಕೆಟ್ ಇಲ್ಲ, ಕಾಯುತ್ತಾ ನಿಂತ ಜನವೂ ಇಲ್ಲ. ಅಮ್ಮ ಕಂಬಕ್ಕೆ ಎರಡು ಪ್ರದಕ್ಷಿಣೆ ಹಾಕಿ ತಿರುಪು ಹುಡುಕಿದಳು. "ಯಾರೋ ಪುಣ್ಯಾತ್ಮರು ಬಿಟ್ಟು ಹೋಗಿದ್ದಾರೆ ಕಣೋ, ನಿಲ್ಸು." ಇದಕ್ಕೆ ತಿರುಪೇ ಇಲ್ಲಮ್ಮ, ಹಗಲೂ ರಾತ್ರಿ ಹೀಗೇ ಹರಿಯುತ್ತೆ ಅಂದೆ. ಅವಳು ನಂಬಲಿಲ್ಲ. ಎರಡು ದಿನಕ್ಕೊಮ್ಮೆ ನೀರು ಬರುವ ಬಡಾವಣೆಯಲ್ಲಿ, ನಸುಕಿನಲ್ಲಿ ನಲ್ಲಿ ಗೊರಗೊರ ಅಂದ ಸದ್ದಿಗೇ ಎದ್ದು ಸಂಪು ತುಂಬಿಸಿದವಳು, ಹೇಗೆ ನಂಬಬೇಕು?

ಆ ನಲ್ಲಿಗೆ ಅಲ್ಲಿನವರು 'ನಾಸೋನೆ' ಅನ್ನುತ್ತಾರೆ, ಅಂದರೆ ದೊಡ್ಡ ಮೂಗು. ಊರೆಲ್ಲಾ ಸೇರಿ ಸುಮಾರು 2,500 ಇವೆಯಂತೆ. ಕೆಳಗಿನ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಕೊಳವೆಯ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ಸೀದಾ ಬಾಯಿಗೆ ಬರುತ್ತದೆ. ನಾನು ಮೊದಲ ಸಲ ಒತ್ತಿದಾಗ ಬಾಯಿಗೆ ಬರಲಿಲ್ಲ, ಕನ್ನಡಕಕ್ಕೆ ಬಂತು. 2017ರ ಬರದಲ್ಲಿ ರೋಮ್ ಕೂಡ ಇಂಥ ಒಂದಷ್ಟು ಮೂಗುಗಳನ್ನು ಮುಚ್ಚಿತ್ತು ಅಂದಾಗ ಅಮ್ಮನಿಗೆ ಸ್ವಲ್ಪ ಸಮಾಧಾನ ಆಯಿತು.

ಅಲ್ಲಿಂದ ಮುಂದೆ ನಮ್ಮ ರೋಮ್ ಪ್ರವಾಸ ನೀರಿನ ಪ್ರವಾಸವೇ ಆಗಿಬಿಟ್ಟಿತು. ಸ್ಪ್ಯಾನಿಷ್ ಮೆಟ್ಟಿಲುಗಳ ಬುಡದಲ್ಲಿ ಕಲ್ಲಿನ ದೋಣಿಯೊಂದು ಅರ್ಧ ಮುಳುಗಿದಂತೆ ನಿಂತಿದೆ. ಪಿಯೆತ್ರೋ ಬೆರ್ನಿನಿ ಅನ್ನುವ ಶಿಲ್ಪಿ 1620ರ ದಶಕದ ಕೊನೆಯಲ್ಲಿ ಮಾಡಿದ್ದು. ಕಾರಂಜಿ ಅಂದರೆ ಮೇಲೆ ಚಿಮ್ಮಬೇಕು, ಇದು ಸುಮ್ನೆ ಸೋರುತ್ತದೆ. ಯಾಕೆ ಗೊತ್ತಾ? ಆ ಜಾಗದಲ್ಲಿ ನೀರಿಗೆ ಪ್ರೆಷರ್ ಇರಲಿಲ್ಲ! ಅದಕ್ಕೇ ಕಾರಂಜಿಯನ್ನು ತಗ್ಗಿನಲ್ಲಿಟ್ಟು, ಸೋರುವ ದೋಣಿಯ ವೇಷ ಹಾಕಿಸಿದ್ದಾನೆ. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದು ಶವರ್ ಬಿಟ್ಟು ಮಗ್ ಹಿಡಿದ ನನಗೆ ಬೆರ್ನಿನಿ ಆ ಕ್ಷಣ ತುಂಬಾ ಹತ್ತಿರದವನು ಅನ್ನಿಸಿದ. ಈ ದೋಣಿಗೂ ಟ್ರೆವಿ ಕಾರಂಜಿಗೂ ಬರುವುದು ಒಂದೇ ನೀರು. ಕ್ರಿಸ್ತಪೂರ್ವ 19ರಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ಊರಿಗೆ ತಂದ ಕಾಲುವೆಯದು. ಬಾಯಾರಿದ ಸೈನಿಕರಿಗೆ ಒಬ್ಬ ಹುಡುಗಿ ಆ ಊಟೆ ತೋರಿಸಿದಳು ಅನ್ನುವ ಕತೆಯಿಂದ ಅದಕ್ಕೆ 'ಕನ್ಯೆಯ ನೀರು' ಅಂತ ಹೆಸರು.

ಟ್ರೆವಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾರಂಜಿಗಿಂತ ಮೊಬೈಲುಗಳೇ ಹೆಚ್ಚು ಕಂಡವು. ಬಲಗೈಯಿಂದ ಎಡ ಹೆಗಲ ಮೇಲೆ ಹಿಂದಕ್ಕೆ ನಾಣ್ಯ ಎಸೆದರೆ ಮತ್ತೆ ರೋಮ್‌ಗೆ ಬರುತ್ತೀರಂತೆ. ರೈಲು ಕಾವೇರಿ ದಾಟುವಾಗ ಕಿಟಕಿಯಿಂದ ನಾಣ್ಯ ಹಾಕಿ ಕೈಮುಗಿಯುವ ಅಮ್ಮನಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಆದರೆ ನೀರಿಗೆ ಬೆನ್ನು ತಿರುಗಿಸಿ ಎಸೆಯುವುದಕ್ಕೆ ಮಾತ್ರ ಅವಳು ಒಪ್ಪಲಿಲ್ಲ. ಎದುರು ನಿಂತೇ ಹಾಕಿದಳು. ಹಾಗಾಗಿ ಮತ್ತೆ ಹೋಗುವ ಗ್ಯಾರಂಟಿ ಇಲ್ಲ.

ನಿಜವಾದ ರಗಳೆ ಆಗಿದ್ದು ಪಿಯಾತ್ಸಾ ನವೋನಾದಲ್ಲಿ. ಆ ಚೌಕ ಚೌಕವಾಗಿಲ್ಲ, ಉದ್ದಕ್ಕಿದೆ. ಅಡಿಯಲ್ಲಿರುವುದು ಡೊಮಿಷಿಯನ್ ಚಕ್ರವರ್ತಿಯ ಓಟದ ಮೈದಾನ, ಅದರದೇ ಆಕಾರ. ನಡುವೆ 1651ರಲ್ಲಿ ಮುಗಿದ ನಾಲ್ಕು ನದಿಗಳ ಕಾರಂಜಿ, ಪಿಯೆತ್ರೋನ ಮಗ ಜಾನ್ ಲೊರೆನ್ಜೋ ಬೆರ್ನಿನಿಯ ಯೋಜನೆ. ಡ್ಯಾನ್ಯೂಬ್, ನೈಲ್, ದಕ್ಷಿಣ ಅಮೆರಿಕದ ಪ್ಲಾಟಾ, ನಾಲ್ಕನೆಯದು ನಮ್ಮ ಗಂಗೆ. ನೈಲ್ ತಲೆಗೆ ಬಟ್ಟೆ ಮುಚ್ಚಿಕೊಂಡಿದ್ದಾನೆ, ಅವನ ಮೂಲ ಎಲ್ಲಿ ಅಂತ ಆಗ ಯುರೋಪಿನವರಿಗೆ ಗೊತ್ತಿರಲಿಲ್ಲವಲ್ಲ, ಅದಕ್ಕೆ. ಅಮ್ಮ ಮಾತ್ರ ಗಂಗೆ ಎಲ್ಲಿ, ಗಂಗೆ ಎಲ್ಲಿ ಅಂತ ಸುತ್ತುತ್ತಿದ್ದಳು. ತೋರಿಸಿದೆ. ಉದ್ದನೆ ಹುಟ್ಟು ಹಿಡಿದು ಕೂತ ಗಡ್ಡದ ಗಂಡಸು.

"ಇವನಾ?"

ಇಲ್ಲಿ ನದಿಗಳೆಲ್ಲಾ ಗಂಡಸರು ಕಣಮ್ಮ ಅಂದೆ. ಅವಳು ತುಂಬಾ ಹೊತ್ತು ಅವನನ್ನೇ ನೋಡಿದಳು. ಶಿವನ ಜಟೆಯಲ್ಲಿ ಇವನನ್ನು ಕೂರಿಸಿ ನೋಡುತ್ತಿದ್ದಳೋ ಏನೋ. ಕೊನೆಗೆ, "ಇರ್ಲಿ ಬಿಡು, ನೀರು ನೀರೇ" ಅಂತ ಬಗ್ಗಿ ಎರಡು ಹನಿ ತಲೆಗೆ ಚಿಮುಕಿಸಿಕೊಳ್ಳಲು ಹೊರಟವಳನ್ನು ತಡೆಯಬೇಕಾಯಿತು.

ಚರ್ಚುಗಳಲ್ಲಿ ತಡೆಯಲು ಆಗಲಿಲ್ಲ. ಬಾಗಿಲ ಬಳಿ ಕಲ್ಲಿನ ಬಟ್ಟಲಲ್ಲಿ ಇಟ್ಟಿರುವ ನೀರಿಗೆ ಬೆರಳದ್ದಿ ಜನ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ನಾನು ತಿರುಗಿ ನೋಡುವಷ್ಟರಲ್ಲಿ ಅಮ್ಮ ತೀರ್ಥ ಅಂತ ಅಂಗೈಗೆ ತಗೊಂಡು ಕುಡಿದೇಬಿಟ್ಟಿದ್ದಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಬೆಚ್ಚಿದಳು, ಆಮೇಲೆ ನಕ್ಕಳು.

ಪಾಂಥಿಯನ್‌ನಲ್ಲಿ ಮಳೆ ಬಂತು. ಹೊರಗಲ್ಲ, ಒಳಗೇ. ಆ ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೆರೆದ ಕಿಂಡಿ ಇದೆ, ಮುಚ್ಚಳವಿಲ್ಲ. ಹನಿಗಳು 43 ಮೀಟರ್ ಎತ್ತರದಿಂದ ಬೆಳಕಿನ ಕಂಬದ ಜೊತೆಗೇ ಇಳಿದು ಅಮೃತಶಿಲೆಯ ನೆಲದ ಮೇಲೆ ಬಿದ್ದು, ನೆಲದಲ್ಲೇ ಕೊರೆದ ಸಣ್ಣ ಸಣ್ಣ ತೂತುಗಳಲ್ಲಿ ಸದ್ದಿಲ್ಲದೆ ಇಂಗಿ ಹೋಗುತ್ತವೆ. 609ರಲ್ಲಿ ಅದು ಚರ್ಚ್ ಆಯಿತು, ಅದಕ್ಕೆ ಮೊದಲು ರೋಮನ್ ದೇವತೆಗಳದ್ದು. ಮಳೆಗೆ ಎರಡೂ ಒಂದೇ. ಎಲ್ಲರೂ ಫೋನ್ ಎತ್ತಿ ನಿಂತಿದ್ದರು. ಅಮ್ಮ ನೆಲ ನೋಡುತ್ತಿದ್ದಳು. "ತೊಟ್ಟಿಮನೆ" ಅಂದಳು. ಅವಳ ತವರುಮನೆಯ ನಡುವಿನ ತೊಟ್ಟಿಗೂ ಹೀಗೇ ಮಳೆ ಬೀಳುತ್ತಿತ್ತು, ಮೂಲೆಯ ತೂಬಿನಲ್ಲಿ ಹೀಗೇ ಹೋಗುತ್ತಿತ್ತು. ಅದನ್ನು ಮಾರಿ ಎಷ್ಟೋ ವರ್ಷಗಳಾದವು. ನಾವು ಅಲ್ಲಿ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತೆವು.

ಊರಿಗೆ ಬಂದ ಮೇಲೆ ಪಕ್ಕದ ಮನೆಯವರು ರೋಮ್ ಹೇಗಿತ್ತು ಅಂತ ಕೇಳಿದರು. ಕೊಲೋಸಿಯಂ ಬಗ್ಗೆ ಹೇಳುತ್ತಾಳೆ ಅಂದುಕೊಂಡೆ. ಅಮ್ಮ ದನಿ ತಗ್ಗಿಸಿ, "ರೀ, ಅಲ್ಲಿ ಬೀದಿ ನಲ್ಲಿಗೆ ತಿರುಪೇ ಇಲ್ಲ ಕಣ್ರೀ. ಇಡೀ ರಾತ್ರಿ ಹರೀತಾನೇ ಇರುತ್ತೆ" ಅಂದಳು.

ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ! ಮತ್ತೆ ಆ ಸದ್ದಿಗೆ ಅವರಿಗೆಲ್ಲಾ ನಿದ್ದೆ ಹೇಗ್ರೀ ಬರುತ್ತೆ?"