ಇದರ ಹೆಸರೇನು?

ಡಬ್ಲಿನ್ನಿನ ನಮ್ಮ ಪಬ್ಬಿನ ಮೂಲೆಯಲ್ಲಿ ಗುರುವಾರ ರಾತ್ರಿ ಒಂದಷ್ಟು ಜನ ಕೂತು ಐರಿಷ್ ಜಾನಪದ ಟ್ಯೂನು ನುಡಿಸುತ್ತೇವೆ. ಕಳೆದ ಗುರುವಾರ ಅಲ್ಲೊಂದು ಜಿಗ್, ಅಂದರೆ ಕುಣಿತದ ಒಂದು ಬಗೆಯ ಟ್ಯೂನು, ಮುಗಿಯಿತು. ಎಷ್ಟು ಚೆನ್ನಾಗಿತ್ತು ಅಂದ್ರೆ, ನನ್ನ ಟಿನ್ ವಿಸಿಲ್ (ತಗಡಿನ ಪುಟ್ಟ ಕೊಳಲು) ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೇಳಿದೆ. ನನಗೆ ಆ ಟ್ಯೂನು ನುಡಿಸೋಕೆ ಬರೋದಿಲ್ಲ ಅನ್ನೋದೂ ಒಂದು ಕಾರಣ. ಪಕ್ಕದ ಪಿಟೀಲಿನವರನ್ನು ಹೆಸರು ಕೇಳಿದೆ. "ಗೊತ್ತಿಲ್ಲಪ್ಪ" ಅಂದರು. ಮೂವತ್ತು ವರ್ಷದಿಂದ ನುಡಿಸುತ್ತಿದ್ದಾರಂತೆ. ಎದುರಿನ ಕೊಳಲಿನವರು, "ಆ ಇನ್ನೊಂದು ಆದಮೇಲೆ ನುಡಿಸ್ತೀವಲ್ಲ, ಅದು" ಅಂದರು. ಆ ಇನ್ನೊಂದರ ಹೆಸರು? ಅದೂ ಗೊತ್ತಿಲ್ಲ.

ನನಗೆ ಮೈಯೆಲ್ಲ ಉರಿಯಿತು. ನಾನು ಮೈಸೂರಿನವನು. ರಾಮೋತ್ಸವದ ಕಚೇರಿಯಲ್ಲಿ ಗಾಯಕರು ಸರಿಯಾಗಿ ಬಾಯಿ ಬಿಡುವ ಮೊದಲೇ ಹಿಂದಿನ ಸಾಲಿನಿಂದ "ಖರಹರಪ್ರಿಯ ಕಣ್ರೀ" ಅನ್ನುವವರ ನಡುವೆ ಬೆಳೆದವನು. ರಾಗದ ಹೆಸರು ಸಿಗದಿದ್ದರೆ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಮನೆವರೆಗೂ ಕಾಡುತ್ತದೆ.

ಇವರು ಹೆಸರೇ ಇಟ್ಟಿಲ್ಲ ಅಂತಲ್ಲ. ಒಂದೇ ಟ್ಯೂನಿಗೆ ನಾಲ್ಕಾರು ಹೆಸರು, ಒಂದೇ ಹೆಸರಿಗೆ ನಾಲ್ಕಾರು ಟ್ಯೂನು. ಏನೂ ಸಿಗದಿದ್ದರೆ ಐರಿಷ್ ಭಾಷೆಯಲ್ಲಿ 'ಗಾನ್ ಆನಿಮ್' ಅಂತ ಬರೆದುಬಿಡುತ್ತಾರೆ. ಹೆಸರಿಲ್ಲ ಅಂತ ಅರ್ಥ. ಮೊದಲ ವರ್ಷ ನಾನು ಅದೂ ಒಂದು ಟ್ಯೂನ್ ಅಂದುಕೊಂಡಿದ್ದೆ. ಎಲ್ಲ ಸಿ.ಡಿ.ಯಲ್ಲೂ ಇದೆಯಲ್ಲ, ಭಾರೀ ಜನಪ್ರಿಯ ಇರಬೇಕು ಅಂತ.

ನನ್ನಂಥ ಹುಚ್ಚ ಇನ್ನೊಬ್ಬನಿದ್ದ. ಫ್ರಾನ್ಸಿಸ್ ಓನೀಲ್, 1848ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಹುಟ್ಟಿದವನು. 16ಕ್ಕೆ ಮನೆ ಬಿಟ್ಟು ಹಡಗು ಹತ್ತಿದ. ಆಮೇಲೊಂದು ಹಡಗು ಪೆಸಿಫಿಕ್ಕಿನ ನಡುವೆ ಬೇಕರ್ ದ್ವೀಪದ ಹತ್ತಿರ ಒಡೆಯಿತು. ಕಾಪಾಡಲು ಬಂದ ಹಡಗಿನಲ್ಲಿ ಊಟಕ್ಕೆ ಬಲು ತತ್ವಾರ. ಅದರಲ್ಲಿದ್ದ ಹವಾಯಿಯ ನಾವಿಕನೊಬ್ಬ ದಿನಾ ಸಂಜೆ ತನ್ನ ಕೊಳಲಿನಲ್ಲಿ ಅದೇ ಒಂದು ಭಜನೆ ನುಡಿಸುತ್ತಿದ್ದನಂತೆ. ಓನೀಲ್ ಕೊಳಲು ಇಸಿದುಕೊಂಡು ತನ್ನೂರಿನ ಟ್ಯೂನು ನುಡಿಸಿ ತೋರಿಸಿದ. ಅಂದಿನಿಂದ ಆ ನಾವಿಕ ತನ್ನ ಪಾಲಿನ ಡಬ್ಬಿ ಮೀನು, ಪೋಯಿ ಎರಡನ್ನೂ ಇವನ ಜೊತೆ ಹಂಚಿಕೊಂಡು ತಿಂದ. ಪೋಯಿ ಅಂದರೆ ಕೆಸುವಿನ ಗೆಡ್ಡೆ ಬೇಯಿಸಿ ಅರೆದದ್ದು. ಹುಣಸೆಹುಳಿ ಇಲ್ಲದೆ ಕೆಸುವಿನ ಗೆಡ್ಡೆಯನ್ನು ಅದು ಹೇಗೆ ತಿಂದನೋ, ಗಂಟಲು ತುರಿಸಲಿಲ್ಲವೋ, ನನಗೆ ಇವತ್ತಿಗೂ ಅದೇ ಯೋಚನೆ.

ಆಮೇಲೆ ಷಿಕಾಗೊದಲ್ಲಿ ಪೊಲೀಸನಾದ. ಸೇರಿದ ಹೊಸತರಲ್ಲೇ ಕಳ್ಳನೊಬ್ಬ ಗುಂಡು ಹೊಡೆದ. ಅದು ಕೊನೆವರೆಗೂ ಬೆನ್ನಲ್ಲೇ ಉಳಿಯಿತು. 1901ರಲ್ಲಿ ಇಡೀ ಊರಿನ ಪೊಲೀಸ್ ಮುಖ್ಯಸ್ಥ. ವಾದ್ಯ ನುಡಿಸುವ ಐರಿಷ್ ಹುಡುಗರನ್ನು ಹುಡುಕಿ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದ ಅಂತಲೂ ಹೇಳುತ್ತಾರೆ. ಟ್ಯೂನು ತಲೆಯಲ್ಲಿತ್ತು, ಸ್ವರ ಬರೆಯಲು ಬರುತ್ತಿರಲಿಲ್ಲ. ಅದಕ್ಕೊಬ್ಬ ಸಾರ್ಜೆಂಟ್, ಅವನೂ ಓನೀಲನೇ. ಇವನು ನುಡಿಸೋದು, ಅವನು ಬರೆಯೋದು. 1903ರಲ್ಲಿ 1850 ಟ್ಯೂನುಗಳ ಪುಸ್ತಕ ಬಂತು, 1907ರಲ್ಲಿ 1001 ಟ್ಯೂನುಗಳ ಇನ್ನೊಂದು. ಒಂದೊಂದಕ್ಕೂ ಹೆಸರು. ಆಗ ಷಿಕಾಗೊದ ಕಳ್ಳರು ಆರಾಮಾಗಿದ್ದರೋ ಏನೋ, ನನಗಂತೂ ಉಪಕಾರವಾಯಿತು.

ಹೆಸರು ಬೇಡ ಅನ್ನುವ ಇದೇ ಜನಕ್ಕೆ ಯಾವ ಕುರ್ಚಿ ಯಾರದು ಅನ್ನೋದು ಮಾತ್ರ ಚೆನ್ನಾಗಿ ಗೊತ್ತು. ಮೊದಲ ಸಲ ಹೋದಾಗ ಗೋಡೆ ಪಕ್ಕದ ಒಳ್ಳೆ ಜಾಗ ಖಾಲಿಯಿದೆ ಅಂತ ಕೂತುಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಇಡೀ ಸಂಜೆ ಯಾರೂ ಏನೂ ಅನ್ನಲಿಲ್ಲ. ಹತ್ತು ಗಂಟೆಗೆ ಎಪ್ಪತ್ತರ ಅಜ್ಜ ಒಬ್ಬರು ಅಕಾರ್ಡಿಯನ್ ಹೊತ್ತು ಬಂದು ನನ್ನೆದುರು ನಿಂತರು, ನಿಂತೇ ಇದ್ದರು. ಈಗ ನನ್ನ ಜಾಗ ಬಾಗಿಲ ಪಕ್ಕ, ಬೌರಾನ್ ಅನ್ನೋ ಐರಿಷ್ ತಮಟೆ ಬಾರಿಸುವವನ ಮೊಣಕೈಯ ಕೆಳಗೆ. ಅವನಿಗೆ ತಾಳ ಇಲ್ಲ, ಶಕ್ತಿ ಇದೆ.

ಗುರುವಾರ ಹೊರಡುವಾಗ ಕೊಳಲಿನವರು ಕೋಟು ಹಾಕಿಕೊಳ್ಳುತ್ತಾ ತಟ್ಟನೆ ತಿರುಗಿ ಒಂದು ಹೆಸರು ಕೂಗಿದರು. ಫೋನಿನಲ್ಲಿ ಬರೆದುಕೊಂಡು, ಮಳೆಯಲ್ಲಿ ಓಡಿ ಮನೆಗೆ ಬಂದು, ಒದ್ದೆ ಕಾಲಲ್ಲೇ 1907ರ ಪುಸ್ತಕ ತೆಗೆದೆ. ಹೆಸರು ಇತ್ತು. ನುಡಿಸಿ ನೋಡಿದೆ. ಜಿಗ್ಗೇ ಅಲ್ಲ ಅದು, ರೀಲ್! ಅದೂ ಕುಣಿತದ್ದೇ, ಆದರೆ ತಾಳವೇ ಬೇರೆ. ಯಾವ ಲೆಕ್ಕದಲ್ಲೂ ಆ ಟ್ಯೂನಲ್ಲ. ಆದರೆ ಪರವಾಗಿಲ್ಲ, ಚೆನ್ನಾಗಿದೆ, ನಾಲ್ಕು ದಿನದಿಂದ ಅದನ್ನೇ ಕಲಿಯುತ್ತಿದ್ದೇನೆ. ಈ ಗುರುವಾರ ನುಡಿಸಿದಾಗ ಯಾರಾದರೂ ಹೆಸರು ಕೇಳಬಹುದೇನೋ ಅಂತ ಒಂದು ಆಸೆ.

ಕೇಳೋದಿಲ್ಲ ಬಿಡಿ.