ಸೆಪುಲ್ಟುರಾ ಕಥೆ 1996ಕ್ಕೇ ಮುಗಿಯಲಿಲ್ಲ

ಬ್ರೆಜಿಲ್‌ನ ಮೆಟಲ್ (ಅಬ್ಬರದ ರಾಕ್ ಸಂಗೀತ) ತಂಡ ಸೆಪುಲ್ಟುರಾ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್. ಆದರೆ ಹಾಡುಗಾರ ಮ್ಯಾಕ್ಸ್ ಕವಲೇರಾ ಹೊರಟ ಮೇಲೆ ಸೆಪುಲ್ಟುರಾ ಹೆಸರಿಗಷ್ಟೇ ಉಳಿಯಿತು ಅಂದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ.

1984ರಲ್ಲಿ ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಶುರುವಾದಾಗ ಇವರದು ಬರೀ ವೇಗದ, ಒರಟು ಮೆಟಲ್. ತಮ್ಮ ನೆಲದ ತಾಳ ಗಟ್ಟಿಯಾಗಿ ಕೇಳಿಸಿದ್ದು 1993ರ 'ಕೇಯಾಸ್ ಎ.ಡಿ.' ಆಲ್ಬಮ್‌ನಲ್ಲಿ. ಅದರ 'ಕಯೋವಾಸ್' ಕೇಳಿ. ಹಾಡುಗಾರಿಕೆ ಇಲ್ಲ, ಅಕೌಸ್ಟಿಕ್ ಗಿಟಾರ್ ಮತ್ತು ಡ್ರಮ್ ಅಷ್ಟೇ. ಹೆಸರು ಅಲ್ಲಿನ ಮೂಲನಿವಾಸಿ ಜನರದ್ದು. 1996ರ 'ರೂಟ್ಸ್'ಗಾಗಿ ಶವಾಂತೆ ಬುಡಕಟ್ಟಿನ ಹಳ್ಳಿಗೇ ಹೋಗಿ ಅವರ ಜೊತೆ ಕೂತು ರೆಕಾರ್ಡ್ ಮಾಡಿದರು. ಬ್ರೆಜಿಲ್‌ನದೇ ಬಯಿಯಾ ರಾಜ್ಯದ ತಾಳವಾದ್ಯಗಾರ ಕಾರ್ಲಿನ್ಯೋಸ್ ಬ್ರೌನ್ ಕೂಡ ಬಂದರು. ಇದು ಸುಮ್ನೆ ಒಗ್ಗರಣೆ ಹಾಕಿದ್ದಲ್ಲ. ಆ ಡ್ರಮ್‌ಗಳನ್ನು ತೆಗೆದರೆ ಹಾಡೇ ಉಳಿಯಲ್ಲ. ತಂಡದ ಡ್ರಮ್ಮರ್ ಇಗೊರ್ ಕವಲೇರಾ ಬಾರಿಸುವುದನ್ನು ಗಮನಿಸಿದರೆ ಗೊತ್ತಾಗುತ್ತದೆ.

ಆ ವರ್ಷದ ಕೊನೆಯಲ್ಲಿ ಮ್ಯಾಕ್ಸ್ ಹೊರಬಿದ್ದರು. ದೊಡ್ಡ ಪೆಟ್ಟು, ನಿಜ. ಆದರೆ ಅಮೆರಿಕದ ಡೆರಿಕ್ ಗ್ರೀನ್ ಹಾಡಿದ ಮೊದಲ ಆಲ್ಬಮ್ 'ಅಗೇನ್ಸ್ಟ್'ನಲ್ಲೇ (1998) ಜಪಾನಿನ ಕೊಡೊ ಡ್ರಮ್ ತಂಡವಿದೆ. ಹುಡುಕಾಟ ನಿಂತಿರಲಿಲ್ಲ ಅಲ್ವಾ? 2006ರಲ್ಲಿ ಇಗೊರ್ ಕೂಡ ಹೋದರು. ಆದರೂ ಗಿಟಾರ್ ವಾದಕ ಆಂಡ್ರೆಯಾಸ್ ಕಿಸರ್ ಬಿಡಲಿಲ್ಲ. 2020ರ 'ಕ್ವಾಡ್ರಾ' ನನಗೆ ಅವರ ಹಳೆಯ ಒಳ್ಳೆಯ ಆಲ್ಬಮ್‌ಗಳ ಸಾಲಿನದೇ. 40 ವರ್ಷ ತುಂಬುವ ಹೊತ್ತಿಗೆ ತಾವಾಗಿಯೇ ವಿದಾಯದ ಪ್ರವಾಸ ಘೋಷಿಸಿದರು.

ಡೆರಿಕ್ ಹಾಡಿದ್ದು ಮ್ಯಾಕ್ಸ್‌ಗಿಂತ ಎಷ್ಟೋ ಜಾಸ್ತಿ ವರ್ಷ. ಲೇಖನದಲ್ಲಿ ಅವರಿಗೆ ಒಂದೇ ಸಾಲು ಸಿಕ್ಕಿದ್ದು ಬೇಜಾರಾಯಿತು.