ಪುಟ್ಟದು ಲಾರಿಯಂತೆ, ದೊಡ್ಡದು ಕಾಣಿಸಲೇ ಇಲ್ಲವಂತೆ

ಪಿಟಿ ಕ್ರೂಸರ್ ಅಂತ ಕ್ರೈಸ್ಲರ್ ಕಂಪನಿಯ ಪುಟ್ಟ ವ್ಯಾಗನ್ನು ಒಂದಿತ್ತು. 2000ದಲ್ಲಿ ಅಮೆರಿಕದ ರಸ್ತೆಗೆ ಇಳಿಯಿತು. 14 ಅಡಿ ಉದ್ದ, ಐದು ಸೀಟು, ಗುಂಡು ಮೂತಿ. ಅದೇ ರಸ್ತೆಯಲ್ಲಿ ಫೋರ್ಡಿನ ಇ-350 ವ್ಯಾನೂ ಓಡುತ್ತಿತ್ತು. ಸುಮಾರು 19 ಅಡಿ ಉದ್ದ, ಡ್ರೈವರೂ ಸೇರಿ 15 ಜನ. ನಮ್ಮಲ್ಲಿ ಧರ್ಮಸ್ಥಳಕ್ಕೆ ಬಾಡಿಗೆಗೆ ಹಿಡಿಯುವ ಟಿಟಿ ಇದೆಯಲ್ಲ, ಆ ಜಾತಿ.

ಈಗ ಹೇಳಿ, ಇವೆರಡರಲ್ಲಿ ಲಾರಿ ಯಾವುದು?

ತಪ್ಪು. ಅಮೆರಿಕದ ಆಗಿನ ಇಂಧನ ಕಾನೂನಿನ ಪ್ರಕಾರ ಆ ಪುಟ್ಟದ್ದೇ ಲಾರಿ. ಹಿಂದಿನ ಸೀಟು ಕಿತ್ತಿಟ್ಟರೆ ನೆಲ ಸಪಾಟಾಗುತ್ತೆ, ಸಾಮಾನು ಹೇರಬಹುದು, ಆದ್ದರಿಂದ ಅದು 'ಲೈಟ್ ಟ್ರಕ್'. ಯಾರೂ ಕೀಳಬೇಕಾಗಿಲ್ಲ, ಕೀಳಲು ಬಂದರೆ ಸಾಕು.

ಕಂಪನಿಗೆ ಇದರಿಂದೇನು ಲಾಭ ಅಂತೀರಾ? ಎಪ್ಪತ್ತರ ದಶಕದ ಪೆಟ್ರೋಲ್ ಬರ ಕಂಡು ಬೆದರಿದ ಸರ್ಕಾರ 1975ರಲ್ಲಿ ಒಂದು ಕಾಯ್ದೆ ತಂತು. ಕಂಪನಿ ಮಾರುವ ಕಾರುಗಳು ಸರಾಸರಿ ಇಷ್ಟು ಮೈಲೇಜ್ ಕೊಡಲೇಬೇಕು ಅಂತ. ಕ್ರೂಸರ್ ಬರುವ ಹೊತ್ತಿಗೆ ಕಾರುಗಳ ಗುರಿ ನಮ್ಮ ಲೆಕ್ಕದಲ್ಲಿ ಲೀಟರಿಗೆ 11.7 ಕಿಲೋಮೀಟರ್. ಲೈಟ್ ಟ್ರಕ್ಕುಗಳಿಗೆ ಪಾಪ ಅಂತ 8.8. ಎ ಸೆಕ್ಷನ್ನಿನ ಕೊನೇ ಬೆಂಚಿನ ಹುಡುಗನನ್ನು ಎತ್ತಿ ಬಿ ಸೆಕ್ಷನ್ನಿಗೆ ಹಾಕಿದರೆ ಅಲ್ಲಿ ಅವನೇ ಬುದ್ಧಿವಂತ, ಅಲ್ವಾ? ಇತ್ತ ಎ ಸೆಕ್ಷನ್ನಿನ ಸರಾಸರಿಯೂ ಏರಿತು. ಹುಡುಗ ಮಾತ್ರ ಒಂದಕ್ಷರ ಜಾಸ್ತಿ ಓದಿಲ್ಲ.

ಇನ್ನು ಆ 15 ಜನರ ವ್ಯಾನು? ತುಂಬಿದ ತೂಕ 3,850 ಕಿಲೋ ದಾಟಿದ ಗಾಡಿ ಆಗಿನ ಮೈಲೇಜ್ ಲೆಕ್ಕಕ್ಕೇ ಬರುತ್ತಿರಲಿಲ್ಲ, ಇದೂ ಹಾಗೆಯೇ. ಕಿಟಕಿಗೆ ಮೈಲೇಜ್ ಚೀಟಿ ಅಂಟಿಸುವ ಕಷ್ಟವೂ ಇಲ್ಲ. ಸಣ್ಣ ಕುಡುಕನಿಗೆ ಲೆಕ್ಕ, ದೊಡ್ಡ ಕುಡುಕನಿಗೆ ವಿನಾಯಿತಿ. 2001ರಲ್ಲಿ ಅಲ್ಲಿನ ರಸ್ತೆ ಸುರಕ್ಷತೆ ಇಲಾಖೆ ಇಂಥ ವ್ಯಾನುಗಳ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತು: ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಹತ್ತಿದರೆ ಅಪಘಾತದಲ್ಲಿ ಮಗುಚುವ ಸಂಭವ, ಕಮ್ಮಿ ಜನ ಇದ್ದಾಗಿನದಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು. ಅಂದರೆ 15 ಜನರ ವ್ಯಾನು ಕ್ಷೇಮ, 15 ಜನ ಕೂರದಿದ್ದರೆ.

ಇದೆಲ್ಲ ಪೆಟ್ರೋಲಿನ ಕಥೆ. ಕೋಳಿಯ ಕಥೆ ಇನ್ನೂ ಸೊಗಸು.

ಅರವತ್ತರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಗೆ ಯುರೋಪ್ ತೆರಿಗೆ ಜಡಿಯಿತು. ಸಿಟ್ಟಾದ ಅಧ್ಯಕ್ಷ ಜಾನ್ಸನ್ ಆಲೂಗಡ್ಡೆ ಪಿಷ್ಟ, ಡೆಕ್ಸ್ಟ್ರಿನ್ ಅನ್ನೋ ಪಿಷ್ಟದ ಅಂಟು, ಬ್ರಾಂದಿ ಮತ್ತು ಸಣ್ಣ ಟ್ರಕ್ಕುಗಳ ಮೇಲೆ ಶೇ 25ರ ಸುಂಕ ಹಾಕಿದರು. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿಗೆ ಏಟು ಬೀಳಲಿ ಅಂತ. ಕಾಲಕ್ರಮೇಣ ಬ್ರಾಂದಿಗೆ ಬಿಡುಗಡೆ ಸಿಕ್ಕಿತು, ಪಿಷ್ಟಕ್ಕೂ ಸಿಕ್ಕಿತು. ಟ್ರಕ್ಕಿಗೆ ಸಿಗಲಿಲ್ಲ.

ಈ ಸುಂಕಕ್ಕೆ ಕೊನೆಗೆ ಸಿಕ್ಕಿಬಿದ್ದಿದ್ದು ಅಪ್ಪಟ ಅಮೆರಿಕದ್ದೇ ಕಂಪನಿ. 2009ರ ಸುಮಾರಿಗೆ ಫೋರ್ಡ್ ಟರ್ಕಿಯಿಂದ ಟ್ರಾನ್ಸಿಟ್ ಕನೆಕ್ಟ್ ಅನ್ನೋ ಚಿಕ್ಕ ವ್ಯಾನು ತರಿಸತೊಡಗಿತು. ಸಾಮಾನು ಹೊರುವ ವ್ಯಾನಾದರೆ ಶೇ 25, ಜನ ಕೂರುವ ವ್ಯಾಗನ್ನಾದರೆ ಶೇ 2.5. ಸರಿ, ಹಿಂದೆ ಸೀಟು, ಕಿಟಕಿ, ಬೆಲ್ಟು ಎಲ್ಲ ಇಟ್ಟು ಹಡಗು ಹತ್ತಿಸಿದರು. ಹೋಗುವಾಗ ವ್ಯಾಗನ್ನು. ಕಸ್ಟಮ್ಸ್ ದಾಟಿದ ಕೂಡಲೇ ಸೀಟು ಕಿತ್ತು, ಕಿಟಕಿಗೆ ತಗಡು ಬಡಿದು ವ್ಯಾನು ಮಾಡಿದರು. ಕಿತ್ತ ಸೀಟು ಗುಜರಿಗೆ. ಸಾಗರ ದಾಟಿದ ಆ ಸೀಟಿನ ಮೇಲೆ ಒಬ್ಬ ನರಪಿಳ್ಳೆಯೂ ಕೂತಿರಲಿಲ್ಲ. ಹೇಗೂ ಎಸೆಯೋದೇ ಅಂತ ತಲೆದಿಂಬು ಇಲ್ಲದ ಅಗ್ಗದ ಸೀಟನ್ನೇ ಕೂರಿಸುತ್ತಿದ್ದರಂತೆ. ಮಿತವ್ಯಯ ಅಂದರೆ ಇದು ನೋಡಿ.

ಇದು ವ್ಯಾನೋ ವ್ಯಾಗನ್ನೋ ಅಂತ ನ್ಯಾಯಾಧೀಶರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 2017ರಲ್ಲಿ ಒಂದು ಕೋರ್ಟು ಫೋರ್ಡ್ ಗೆದ್ದಿತು ಅಂದಿತು. 2019ರಲ್ಲಿ ಮೇಲಿನ ಕೋರ್ಟು ಇಲ್ಲ ಅಂದಿತು. 2024ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿ ರಾಜಿಯಾಯಿತು. ಎಲ್ಲಾ ಒಂದು ಕೋಳಿಯಿಂದ.

ಜಪಾನಿನ ಸುಬಾರು ಇವರಿಗಿಂತ ಜಾಣ. ಎಪ್ಪತ್ತರ ದಶಕದ ಕೊನೆಗೆ ತನ್ನ ಬ್ರ್ಯಾಟ್ ಪಿಕಪ್ಪಿನ ಬಯಲು ತೊಟ್ಟಿಯಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ ಬೆಸುಗೆ ಹಾಕಿ, ನೋಡಿ ಸ್ವಾಮಿ ಇದು ಕಾರು ಅಂದಿತು. ಕಸ್ಟಮ್ಸ್‌ನವರು ತಲೆ ಆಡಿಸಿದರು. 2004ರಲ್ಲಿ ಅದೇ ಸುಬಾರು, ಟ್ರಕ್ಕುಗಳ ಸಲೀಸು ಮೈಲೇಜ್ ಗುರಿಯ ಆಸೆಗೆ, ಔಟ್‌ಬ್ಯಾಕ್ ವ್ಯಾಗನ್ನನ್ನು ನೆಲದಿಂದ ಒಂಚೂರು ಮೇಲೆತ್ತಿ, ನೋಡಿ ಸ್ವಾಮಿ ಇದು ಟ್ರಕ್ಕು ಅಂದಿತು. ಮೈಲೇಜ್ ಲೆಕ್ಕದವರು ಅದಕ್ಕೂ ತಲೆ ಆಡಿಸಿದರು.

ನಾವು ನಗುವ ಹಾಗಿಲ್ಲ. 2013ರ ಬಜೆಟ್ಟಿನಲ್ಲಿ ದೆಹಲಿ ಎಸ್‌ಯುವಿಗಳ ಸುಂಕವನ್ನು ಶೇ 27ರಿಂದ 30ಕ್ಕೆ ಏರಿಸಿತು. ಉದ್ದ ನಾಲ್ಕು ಮೀಟರ್, ಎಂಜಿನ್ 1500 ಸಿಸಿ ದಾಟಿ, ಹೊಟ್ಟೆಗೂ ನೆಲಕ್ಕೂ 170 ಮಿಲಿಮೀಟರ್ ಅಂತರ ಇದ್ದರೆ ಅದು ಎಸ್‌ಯುವಿ. ಮಹೀಂದ್ರದವರು ತಡ ಮಾಡಲಿಲ್ಲ. ಎಕ್ಸ್‌ಯುವಿ 500ರ ಅಂತರವನ್ನು 160 ಮಿಲಿಮೀಟರಿಗೆ ಇಳಿಸಿದರು. ಅಲ್ಲಿ ಮೈಲೇಜ್ ಕಾಯ್ದೆಗೆ ಹೆದರಿ ಗಾಡಿ ಮೇಲೇರಿತು, ಇಲ್ಲಿ ತೆರಿಗೆಗೆ ಹೆದರಿ ಕೂತುಕೊಂಡಿತು. ನಮ್ಮೂರಿನ ರೋಡ್ ಹಂಪುಗಳಿಗೆ ಮಾತ್ರ ಬಜೆಟ್ಟಿನ ಪ್ರತಿ ಯಾರೂ ಕಳಿಸಿರಲಿಲ್ಲ.